ಡಾಡ್ಜ್, ಬರ್ನ್ ಮತ್ತು ಆನ್ಸೆಲ್ ಆಡಮ್ಸ್

ಫೋಟೋಶಾಪ್ ತೆರೆದವರೆಲ್ಲರೂ ಅದರ ಟೂಲ್ ಪಟ್ಟಿಯಲ್ಲಿ ಎರಡು ವಿಚಿತ್ರ ಚಿತ್ರಗಳನ್ನು ನೋಡಿರ್ತೀರಿ. ಒಂದು, ಕಡ್ಡಿಗೆ ಸಿಕ್ಕಿಸಿದ ದುಂಡನೆ ಬಿಲ್ಲೆ. ನೋಡೋಕೆ ಲಾಲಿಪಾಪ್ ಥರ ಇರುತ್ತೆ. ಇನ್ನೊಂದು, ಬೆರಳು ಮಡಚಿದ ಕೈ. ಮೊದಲನೆಯದರ ಹೆಸರು ಡಾಡ್ಜ್, ಎರಡನೆಯದು ಬರ್ನ್. ಒಂದು ಚಿತ್ರದ ಯಾವುದೋ ಭಾಗವನ್ನು ಬೆಳ್ಳಗೆ ಮಾಡುತ್ತೆ, ಇನ್ನೊಂದು ಕಪ್ಪಗೆ ಮಾಡುತ್ತೆ. ಆದರೆ ಬೆಳ್ಳಗೆ ಮಾಡೋದಕ್ಕೂ ಲಾಲಿಪಾಪ್‌ಗೂ ಏನು ಸಂಬಂಧ? ಇದಕ್ಕೆ ಉತ್ತರ ಕಂಪ್ಯೂಟರ್‌ನಲ್ಲಿ ಸಿಗಲ್ಲ. ಕೆಂಪು ದೀಪದ ಒಂದು ಕತ್ತಲಕೋಣೆಗೆ ಹೋಗಬೇಕು. ಅಲ್ಲಿ ನಿಂತು ಈ ಎರಡು ಕೆಲಸಗಳನ್ನು ಜಗತ್ತಿಗೆಲ್ಲ ಕಲಿಸಿದ ವ್ಯಕ್ತಿಗಳಲ್ಲಿ ದೊಡ್ಡ ಹೆಸರು ಆನ್ಸೆಲ್ ಆಡಮ್ಸ್ ಅವರದ್ದು.

ನಮ್ಮ ವಯಸ್ಸಿನವರ ನಡುವೆ ಫೋಟೋ ಬಗ್ಗೆ ಯಾವಾಗ್ಲೂ ಒಂದು ಜಗಳ ಇದ್ದೇ ಇರುತ್ತೆ. ಎಡಿಟ್ ಮಾಡಿದ ಫೋಟೋ ನಿಜವಾದ ಫೋಟೋನಾ, ಮೋಸನಾ? ಆಡಮ್ಸ್ ಅವರ ಜೀವನ ಓದಿದ್ರೆ ಈ ಜಗಳ ನಾವು ಅಂದುಕೊಂಡಷ್ಟು ಹೊಸದಲ್ಲ, ಅಷ್ಟು ಸುಲಭದ್ದೂ ಅಲ್ಲ ಅಂತ ಗೊತ್ತಾಗುತ್ತೆ.

ಶಾಲೆಗೆ ಹೊಂದದ ಹುಡುಗ

ಆನ್ಸೆಲ್ ಆಡಮ್ಸ್ ಹುಟ್ಟಿದ್ದು 1902ರ ಫೆಬ್ರವರಿ 20ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಂದೆ ಚಾರ್ಲ್ಸ್, ತಾಯಿ ಆಲಿವ್. ಒಬ್ಬನೇ ಮಗ. ಮನೆ ಇದ್ದದ್ದು ಗೋಲ್ಡನ್ ಗೇಟ್ ಹತ್ತಿರದ ಮರಳುದಿಬ್ಬಗಳ ಮಧ್ಯೆ. ಆಗ ಅಲ್ಲಿ ಇವತ್ತಿನ ಪ್ರಸಿದ್ಧ ಸೇತುವೆ ಇರಲಿಲ್ಲ. ಸಮುದ್ರ, ಮಂಜು, ಗಾಳಿ ಅಷ್ಟೇ.

1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಭೂಕಂಪ ಆಯ್ತು. ನಾಲ್ಕು ವರ್ಷದ ಆನ್ಸೆಲ್‌ಗೆ ಮೊದಲ ಕಂಪನದಲ್ಲಿ ಏನೂ ಆಗಲಿಲ್ಲ. ಆದರೆ ಅದರ ನಂತರ ಬಂದ ಮರುಕಂಪನ ಅವನನ್ನು ತೋಟದ ಗೋಡೆಗೆ ಎಸೆಯಿತು. ಮೂಗು ಮುರಿಯಿತು. ಆ ಮೂಗನ್ನು ಯಾರೂ ಸರಿ ಮಾಡಿಸಲಿಲ್ಲ. ಸಾಯೋವರೆಗೂ ಅವರ ಮೂಗು ಸೊಟ್ಟಗೇ ಇತ್ತು. ಅವರ ಯಾವ ಫೋಟೋ ನೋಡಿದ್ರೂ ಅದು ಕಾಣುತ್ತೆ.

ಅಜ್ಜ ಮರದ ವ್ಯಾಪಾರದಲ್ಲಿ ದುಡ್ಡು ಮಾಡಿದ್ದರು. ಆದರೆ 1907ರ ಆರ್ಥಿಕ ಕುಸಿತದ ಹೊತ್ತಿಗೆ ಆ ಸಂಪತ್ತು ಕರಗಲು ಶುರುವಾಯ್ತು. ತಂದೆ ಉಳಿದ ಜೀವನವೆಲ್ಲ ಆ ವ್ಯಾಪಾರವನ್ನು ಮತ್ತೆ ಎತ್ತಿ ನಿಲ್ಲಿಸೋಕೆ ಒದ್ದಾಡಿದರು, ಆಗಲಿಲ್ಲ.

ಆನ್ಸೆಲ್‌ಗೆ ಒಂದು ಕಡೆ ಕೂರೋಕೆ ಆಗ್ತಿರಲಿಲ್ಲ. ಶಾಲೆಯಲ್ಲಿ ಗಮನ ಇಲ್ಲ, ಗಲಾಟೆ ಜಾಸ್ತಿ. ಇವತ್ತಾಗಿದ್ರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಅದಕ್ಕೊಂದು ಹೆಸರು ಕೊಡ್ತಿದ್ರೇನೋ. ಅವನ ತಂದೆ ಬೇರೆ ದಾರಿ ಹಿಡಿದರು. ಹುಡುಗನಿಗೆ ಸುಮಾರು 12 ವರ್ಷ ಆದಾಗ ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಮಾಡಿಸಿದರು. 1915ರಲ್ಲಿ ನಗರದಲ್ಲಿ ಪನಾಮಾ-ಪೆಸಿಫಿಕ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆಯಿತು. ತಂದೆ ಮಗನಿಗೆ ಇಡೀ ವರ್ಷದ ಪಾಸ್ ತೆಗೆದುಕೊಟ್ಟರು. ಅದೇ ನಿನ್ನ ಶಾಲೆ ಅಂದ ಹಾಗೆ. ಹುಡುಗ ದಿನಾ ಹೋಗಿ ಯಂತ್ರಗಳನ್ನು, ಚಿತ್ರಗಳನ್ನು ನೋಡ್ತಾ, ಸಂಗೀತ ಕೇಳ್ತಾ ಒಂದು ವರ್ಷ ಕಳೆದ. ಕೈಯಲ್ಲಿ ದುಡ್ಡಿಲ್ಲದ ಒಬ್ಬ ಅಪ್ಪ, ಎಲ್ಲಿಗೂ ಹೊಂದದ ಮಗನ ಮೇಲೆ ಇಟ್ಟ ಈ ನಂಬಿಕೆ ಸಣ್ಣದಲ್ಲ.

ಪಿಯಾನೋ ಮತ್ತು ಬ್ರೌನಿ

ಈ ಹುಡುಗನನ್ನು ಮೊದಲು ಒಂದು ಕಡೆ ಕೂರಿಸಿದ್ದು ಕ್ಯಾಮೆರಾ ಅಲ್ಲ, ಪಿಯಾನೋ. 12ನೇ ವಯಸ್ಸಿನಲ್ಲಿ ತಾನೇ ನುಡಿಸೋಕೆ, ನೊಟೇಶನ್ ಓದೋಕೆ ಕಲಿತ. ಆಮೇಲೆ ಶಿಸ್ತಿನ ಗುರುಗಳು ಸಿಕ್ಕರು. ಒಂದೊಂದು ಸ್ವರವೂ ಸರಿಯಾಗಿ ಬರೋವರೆಗೂ ಅವರು ಬಿಡ್ತಿರಲಿಲ್ಲ. ಮುಂದಿನ ಹತ್ತು ಹನ್ನೆರಡು ವರ್ಷ ಅವನ ಗುರಿ ಒಂದೇ: ದೊಡ್ಡ ಪಿಯಾನೋ ವಾದಕ ಆಗಬೇಕು.

1916ರಲ್ಲಿ ಕುಟುಂಬ ರಜೆಗೆ ಯೊಸೆಮಿಟಿ ಕಣಿವೆಗೆ ಹೋಯ್ತು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿರೋ ಈ ಕಣಿವೆಯಲ್ಲಿ ಸಾವಿರ ಅಡಿಗಟ್ಟಲೆ ನೇರ ನಿಂತ ಗ್ರಾನೈಟ್ ಬಂಡೆಗಳಿವೆ, ಎತ್ತರದ ಜಲಪಾತಗಳಿವೆ. ಅಲ್ಲಿ ತಂದೆ 14 ವರ್ಷದ ಮಗನ ಕೈಗೆ ಒಂದು ಕೊಡಾಕ್ ಬ್ರೌನಿ ಬಾಕ್ಸ್ ಕ್ಯಾಮೆರಾ ಕೊಟ್ಟರು. ಅದನ್ನು ಹಿಡಿದು ಒಂದು ಮರದ ಬೊಡ್ಡೆ ಹತ್ತಿ ಫೋಟೋ ತೆಗೆಯೋಕೆ ಹೋದ. ಬೊಡ್ಡೆ ಕುಸಿದು ತಲೆಕೆಳಗಾಗಿ ಬೀಳೋವಾಗ ಬಟನ್ ಒತ್ತಿಹೋಯ್ತು. ಅವನ ಮೊದಮೊದಲ ಫೋಟೋಗಳಲ್ಲಿ ಒಂದು ತಲೆಕೆಳಗಾದದ್ದು!

ಅಲ್ಲಿಂದ ಮುಂದೆ ಬದುಕಿದ್ದಷ್ಟು ಕಾಲ ಆಡಮ್ಸ್ ಪ್ರತಿ ವರ್ಷ ಯೊಸೆಮಿಟಿಗೆ ಹೋದರು. 1917ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಫೋಟೋ ತೊಳೆಯೋ ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿ ಕತ್ತಲಕೋಣೆಯ ಕೆಲಸ ಕಲಿತರು. 1919ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ ಸೇರಿದರು. 1920ರಿಂದ ನಾಲ್ಕು ಬೇಸಿಗೆ ಯೊಸೆಮಿಟಿಯಲ್ಲಿ ಆ ಕ್ಲಬ್‌ನ ಲಾಡ್ಜ್ ನೋಡಿಕೊಂಡರು. ಬೇಸಿಗೆಯಲ್ಲಿ ಬೆಟ್ಟ, ಉಳಿದ ತಿಂಗಳು ಪಿಯಾನೋ. ಯೊಸೆಮಿಟಿಯಲ್ಲಿ ಅಭ್ಯಾಸಕ್ಕೆ ಪಿಯಾನೋ ಇದ್ದದ್ದು ಹ್ಯಾರಿ ಬೆಸ್ಟ್ ಎಂಬ ಚಿತ್ರಕಾರರ ಸ್ಟುಡಿಯೋದಲ್ಲಿ. ಅವರ ಮಗಳು ವರ್ಜೀನಿಯಾ ಬೆಸ್ಟ್. 1928ರಲ್ಲಿ ಆನ್ಸೆಲ್ ಮತ್ತು ವರ್ಜೀನಿಯಾ ಅದೇ ಸ್ಟುಡಿಯೋದಲ್ಲಿ ಮದುವೆಯಾದರು.

ಕೊನೆಯ ಎರಡು ಪ್ಲೇಟ್

1927ರ ಏಪ್ರಿಲ್ 10. ಆಡಮ್ಸ್ ಗೆಳೆಯರ ಜೊತೆ ಹಿಮದಲ್ಲಿ ಬೆಟ್ಟ ಹತ್ತಿದರು. ಗುರಿ ಹಾಫ್ ಡೋಮ್ ಎಂಬ ದೈತ್ಯ ಬಂಡೆಯ ಮುಖ. ಬೆನ್ನ ಮೇಲೆ ಭಾರವಾದ ಕ್ಯಾಮೆರಾ, ಟ್ರೈಪಾಡ್, ಫಿಲ್ಟರ್‌ಗಳು ಮತ್ತು 12 ಗಾಜಿನ ಪ್ಲೇಟ್. ಒಂದು ಪ್ಲೇಟ್‌ಗೆ ಒಂದೇ ಫೋಟೋ. ನಾವು ಒಂದು ಸೆಲ್ಫಿಗೆ ಮೂವತ್ತು ಕ್ಲಿಕ್ ಮಾಡೋ ಕಾಲದಲ್ಲಿ ಇದನ್ನು ಊಹಿಸೋದು ಕಷ್ಟ.

ಸರಿಯಾದ ಜಾಗ ತಲುಪೋ ಹೊತ್ತಿಗೆ ಉಳಿದಿದ್ದು ಎರಡೇ ಪ್ಲೇಟ್. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಅದು ಆಗಿನ ಕಾಲಕ್ಕೆ ಸರಿಯಾದ, ಪಾಠದಂತಹ ಆಯ್ಕೆ. ಆದರೆ ತೆಗೆದ ತಕ್ಷಣ ಅವರಿಗೆ ಅನಿಸಿತು: ಇದರಲ್ಲಿ ಆಕಾಶ ಸುಮ್ನೆ ಬೂದು ಬಣ್ಣದಲ್ಲಿ ಬರುತ್ತೆ, ಬಂಡೆ ಎದುರು ನಿಂತಾಗ ಆಗ್ತಿರೋ ಆ ನಡುಕ ಬರಲ್ಲ. ಕೊನೆಯ ಪ್ಲೇಟ್‌ಗೆ ಕಡು ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತೆ. ಆಕಾಶದಿಂದ ಬರೋದು ಹೆಚ್ಚಾಗಿ ನೀಲಿ ಬೆಳಕು. ಹಾಗಾಗಿ ಆಕಾಶ ಹೆಚ್ಚು ಕಡಿಮೆ ಕಪ್ಪಾಯ್ತು, ಹಿಮ ಹೊಳೆಯಿತು, ಬಂಡೆ ಎದ್ದು ನಿಂತಿತು.

ಆ ಫೋಟೋದ ಹೆಸರು ಮೊನೊಲಿತ್, ದ ಫೇಸ್ ಆಫ್ ಹಾಫ್ ಡೋಮ್. ಬಟನ್ ಒತ್ತೋ ಮೊದಲೇ ಮುಗಿದ ಪ್ರಿಂಟ್ ಹೇಗಿರಬೇಕು ಅಂತ ಮನಸ್ಸಿನಲ್ಲಿ ನೋಡೋದನ್ನು ಅವರು ಆಮೇಲೆ ವಿಶುವಲೈಸೇಶನ್ ಅಂತ ಕರೆದರು. ಅವರ ಮುಂದಿನ ಎಲ್ಲ ಕೆಲಸದ ಬುನಾದಿ ಅದು. ಗಮನಿಸಿ, ಆ ದಿನ ಯಾರ ಕಣ್ಣಿಗೂ ಆಕಾಶ ಅಷ್ಟು ಕಪ್ಪಗೆ ಕಂಡಿರಲಿಲ್ಲ. ಅಂದ್ರೆ ಎಡಿಟಿಂಗ್ ಅನ್ನೋದು ಕತ್ತಲಕೋಣೆಗಿಂತ ಮೊದಲೇ, ಲೆನ್ಸ್ ಮುಂದೇನೇ ಶುರುವಾಗಿತ್ತು.

ಎರಡರಲ್ಲಿ ಒಂದು

ಇಷ್ಟಾದ್ರೂ ಆಡಮ್ಸ್ ಪಿಯಾನೋ ಬಿಟ್ಟಿರಲಿಲ್ಲ. 1930ರಲ್ಲಿ ನ್ಯೂ ಮೆಕ್ಸಿಕೋದ ಟಾವೋಸ್‌ನಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬ ಛಾಯಾಗ್ರಾಹಕರ ಪರಿಚಯ ಆಯ್ತು. ಸ್ಟ್ರ್ಯಾಂಡ್ ಹತ್ತಿರ ಆಗ ಪ್ರಿಂಟ್ ಇರಲಿಲ್ಲ. ಬರೀ ನೆಗೆಟಿವ್ ತೋರಿಸಿದರು. ಬೆಳಕಿಗೆ ಹಿಡಿದು ನೋಡಿದ ಆ ನೆಗೆಟಿವ್‌ಗಳೇ ಆಡಮ್ಸ್ ಅವರ ಜೀವನದ ದಿಕ್ಕು ಬದಲಿಸಿದವು. ಮನೆಗೆ ಬಂದು ಇನ್ನು ಮುಂದೆ ಫೋಟೋಗ್ರಫಿಯೇ ನನ್ನ ವೃತ್ತಿ ಅಂತ ಹೇಳಿಬಿಟ್ಟರು. ತಾಯಿಗೆ, ತಾಯಿಯ ಸಹೋದರಿಗೆ ಬೇಜಾರಾಯ್ತು. ಕ್ಯಾಮೆರಾಗೆ ಆತ್ಮವನ್ನು ಹೇಳೋ ಶಕ್ತಿ ಇಲ್ಲ, ಪಿಯಾನೋ ಬಿಡಬೇಡ ಅನ್ನೋದು ಅವರ ಬೇಡಿಕೆ. ಕ್ಯಾಮೆರಾಗೆ ಇಲ್ಲದಿರಬಹುದು, ಛಾಯಾಗ್ರಾಹಕನಿಗೆ ಇರಬಹುದಲ್ವಾ ಅನ್ನೋದು ಮಗನ ಉತ್ತರ.

ಒಂದು ಓದು ಓದ್ತಾ ಮನಸ್ಸು ಇನ್ನೊಂದು ಕಡೆ ಇರೋ ಎಷ್ಟೋ ಜನ ನಮ್ಮ ಹಾಸ್ಟೆಲ್‌ನಲ್ಲೇ ಇದ್ದಾರೆ. ಆದರೆ ಆಡಮ್ಸ್ ವಿಷಯದಲ್ಲಿ ಹಳೆಯ ಓದು ವ್ಯರ್ಥ ಆಗಲಿಲ್ಲ ಅನ್ನೋದು ಮುಖ್ಯ. ಪಿಯಾನೋ ಕಲಿಸಿದ ಶಿಸ್ತು ನೇರವಾಗಿ ಕತ್ತಲಕೋಣೆಗೆ ಬಂತು. ಪ್ರಿಂಟ್‌ಗೆ ಬೆಳಕು ಕೊಡೋವಾಗ ಸೆಕೆಂಡ್ ಎಣಿಸೋಕೆ ಅವರು ಬಳಸ್ತಿದ್ದದ್ದು ಸಂಗೀತಗಾರರ ಮೆಟ್ರೊನೋಮ್. ಅದರ ಟಿಕ್ ಟಿಕ್ ಕೇಳ್ತಾ ಕಣ್ಣನ್ನು ಕಾಗದದ ಮೇಲೇ ಇಟ್ಟು ಕೈ ಆಡಿಸ್ತಿದ್ದರು.

ಆ ಕಾಲದಲ್ಲಿ ಫೋಟೋವನ್ನು ಪೇಂಟಿಂಗ್ ಥರ ಮಬ್ಬಾಗಿ, ಮೃದುವಾಗಿ ಮಾಡೋ ಫ್ಯಾಷನ್ ಇತ್ತು. ಅದರ ವಿರುದ್ಧ 1932ರಲ್ಲಿ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನ್ನಿಂಗ್‌ಹ್ಯಾಮ್, ವಿಲ್ಲರ್ಡ್ ವ್ಯಾನ್ ಡೈಕ್ ಮತ್ತಿತರರು ಸೇರಿ ಗ್ರೂಪ್ ಎಫ್/64 ಕಟ್ಟಿದರು. ಎಫ್/64 ಅಂದ್ರೆ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸ್‌ನ ತೀರಾ ಸಣ್ಣ ರಂಧ್ರ. ಹತ್ತಿರದ ಕಲ್ಲಿನಿಂದ ದೂರದ ಬೆಟ್ಟದವರೆಗೂ ಎಲ್ಲ ಸ್ಪಷ್ಟವಾಗಿ ಬರುತ್ತೆ. ಫೋಟೋ ಫೋಟೋ ಥರಾನೇ ಇರಲಿ ಅನ್ನೋದು ಇವರ ವಾದ. ಇದಕ್ಕೆ ಸ್ಟ್ರೇಟ್ ಫೋಟೋಗ್ರಫಿ ಅಂತ ಹೆಸರು. ಸ್ಟ್ರೇಟ್ ಅಂತ ಹೇಳ್ಕೊಂಡವರೇ ಡಾಡ್ಜ್, ಬರ್ನ್ ಅನ್ನು ಬಿಡದೆ ಮಾಡಿದರು. ಅವರ ಲೆಕ್ಕದಲ್ಲಿ ಇವೆರಡರ ನಡುವೆ ವಿರೋಧ ಇರಲೇ ಇಲ್ಲ.

ಎಂಜಿನಿಯರ್ ಥರ ಯೋಚಿಸಿದ ಕಲಾವಿದ

1940ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನ ಆರ್ಟ್ ಸೆಂಟರ್ ಸ್ಕೂಲ್‌ನಲ್ಲಿ ಪಾಠ ಮಾಡ್ತಿದ್ದಾಗ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಸೇರಿ ಜೋನ್ ಸಿಸ್ಟಮ್ ರೂಪಿಸಿದರು. ವಿದ್ಯಾರ್ಥಿಗಳಿಗೆ ಅಂದಾಜಿನ ಬದಲು ಲೆಕ್ಕ ಕಲಿಸಬೇಕು ಅನ್ನೋದು ಉದ್ದೇಶ.

ಪೂರ್ತಿ ಕಪ್ಪಿನಿಂದ ಪೂರ್ತಿ ಬಿಳಿವರೆಗೆ 0ಯಿಂದ 10ರವರೆಗೆ ಒಟ್ಟು 11 ಜೋನ್. ಒಂದು ಜೋನ್‌ನಿಂದ ಮುಂದಿನದಕ್ಕೆ ಹೋದರೆ ಬೆಳಕು ಎರಡರಷ್ಟು. ಅಂದ್ರೆ ಇದು ಬೇಸ್ 2ರ ಲಾಗ್ ಸ್ಕೇಲ್. ಮಧ್ಯದ 5ನೇ ಜೋನ್ ಮಧ್ಯಮ ಬೂದು. ಲೈಟ್ ಮೀಟರ್ ಯಾವುದನ್ನೇ ಅಳೆದರೂ ಅದನ್ನು ಮಧ್ಯಮ ಬೂದು ಅಂತಾನೇ ತಿಳ್ಕೊಳ್ಳುತ್ತೆ. ಹಿಮವನ್ನು ಅಳೆದರೂ ಬೂದು, ಕಲ್ಲಿದ್ದಲನ್ನು ಅಳೆದರೂ ಬೂದು. ಈ ಭಾಗ ಯಾವ ಜೋನ್‌ಗೆ ಬೀಳಬೇಕು ಅಂತ ನಿರ್ಧಾರ ಮಾಡಬೇಕಾದ್ದು ಮನುಷ್ಯ. ನೆರಳನ್ನು ನೋಡಿ ಎಕ್ಸ್‌ಪೋಶರ್ ಕೊಡು, ಬೆಳಕಿನ ಭಾಗವನ್ನು ನೋಡಿ ಡೆವಲಪ್ ಮಾಡು ಅನ್ನೋದು ಇದರ ಸಾರ. ಕಾರಣ ಸರಳ. ನೆರಳಿನ ಜಾಗಕ್ಕೆ ಬೆಳಕೇ ಬೀಳದಿದ್ರೆ ನೆಗೆಟಿವ್‌ನಲ್ಲಿ ಅಲ್ಲಿ ಮಾಹಿತಿಯೇ ಇರಲ್ಲ. ಇಲ್ಲದ ಮಾಹಿತಿಯನ್ನು ಆಮೇಲೆ ಯಾರೂ ತರೋಕಾಗಲ್ಲ.

ಒಂದು ಸೆಕೆಂಡಿನ ಚಂದ್ರ

1941ರ ಶರತ್ಕಾಲ. ಅಮೆರಿಕದ ಒಳಾಡಳಿತ ಇಲಾಖೆ ರಾಷ್ಟ್ರೀಯ ಉದ್ಯಾನಗಳ ದೊಡ್ಡ ಚಿತ್ರಗಳಿಗಾಗಿ ಆಡಮ್ಸ್ ಅವರನ್ನು ನೇಮಿಸಿತ್ತು. ನವೆಂಬರ್ 1ರ ಸಂಜೆ, ಅಷ್ಟೇನೂ ಫಲ ಸಿಗದ ಒಂದು ದಿನದ ಕೊನೆಗೆ, ಮಗ ಮೈಕೆಲ್ ಮತ್ತು ಗೆಳೆಯ ಸೆಡ್ರಿಕ್ ರೈಟ್ ಜೊತೆ ನ್ಯೂ ಮೆಕ್ಸಿಕೋದ ಹೆದ್ದಾರಿಯಲ್ಲಿ ಕಾರು ಓಡಿಸ್ತಿದ್ದರು. ಹರ್ನಾಂಡೆಜ್ ಎಂಬ ಸಣ್ಣ ಊರು ಕಾಣಿಸಿತು. ಮಣ್ಣಿನ ಚರ್ಚ್, ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಮುಳುಗೋ ಸೂರ್ಯನ ಕೊನೆಯ ಬೆಳಕು, ಹಿಂದೆ ಹಿಮದ ಬೆಟ್ಟಗಳು, ಮೇಲೆ ಆಗಲೇ ಎದ್ದಿದ್ದ ಚಂದ್ರ.

ಕಾರು ನಿಲ್ಲಿಸಿ, ಎಲ್ಲರ ಮೇಲೂ ಕೂಗಾಡ್ತಾ 8×10 ಇಂಚಿನ ದೊಡ್ಡ ಕ್ಯಾಮೆರಾ ಜೋಡಿಸಿದರು. ಎಕ್ಸ್‌ಪೋಶರ್ ಮೀಟರ್ ಮಾತ್ರ ಸಿಗಲೇ ಇಲ್ಲ. ಸೂರ್ಯ ಮೋಡದ ಹಿಂದೆ ಹೋಗೋಕೆ ಕ್ಷಣಗಳಷ್ಟೇ ಬಾಕಿ. ಆಗ ಅವರಿಗೆ ಒಂದು ಸಂಖ್ಯೆ ನೆನಪಾಯ್ತು: ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್. ಮನಸ್ಸಲ್ಲೇ ಲೆಕ್ಕ ಹಾಕಿದರು. ಚಂದ್ರನನ್ನು 7ನೇ ಜೋನ್‌ಗೆ ಇಟ್ಟರೆ, 5ನೇ ಜೋನ್‌ಗೆ ಅದರ ನಾಲ್ಕನೇ ಒಂದು ಭಾಗ, ಅಂದ್ರೆ ಸುಮಾರು 60. ಫಿಲ್ಮ್ ವೇಗ 64. ಅದರ ವರ್ಗಮೂಲ 8. ಆದ್ದರಿಂದ ಎಫ್/8ರಲ್ಲಿ 1/60 ಸೆಕೆಂಡ್. ಹಾಕಿದ್ದ ಫಿಲ್ಟರ್‌ಗೆ 3 ಪಟ್ಟು ಬೆಳಕು ಬೇಕು, ಹಾಗಾಗಿ 1/20 ಸೆಕೆಂಡ್. ಎಫ್/8ರಿಂದ ಎಫ್/32ಕ್ಕೆ 4 ಸ್ಟಾಪ್, ಅಂದ್ರೆ 16 ಪಟ್ಟು. 16/20, ಹತ್ತಿರ ಹತ್ತಿರ 1 ಸೆಕೆಂಡ್. ನಮ್ಮ ವೈವಾದಲ್ಲಿ ಇದಕ್ಕಿಂತ ಸುಲಭದ ಲೆಕ್ಕಕ್ಕೆ ನಾಲಿಗೆ ಒಣಗುತ್ತೆ!

ಒಂದು ಫೋಟೋ ಆಯ್ತು. ಇನ್ನೊಂದು ತೆಗೆಯೋಕೆ ಫಿಲ್ಮ್ ಹೋಲ್ಡರ್ ತಿರುಗಿಸೋ ಅಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಅವರು ದಿನಾಂಕ ಬರೆದಿಡಲಿಲ್ಲ. ವರ್ಷಗಳ ನಂತರ ಖಗೋಳಶಾಸ್ತ್ರ ಬಲ್ಲವರು ಚಿತ್ರದಲ್ಲಿರೋ ಚಂದ್ರನ ಸ್ಥಾನದಿಂದ ದಿನ, ಗಂಟೆ, ನಿಮಿಷ ಎಲ್ಲ ಲೆಕ್ಕ ಹಾಕಿ ತೆಗೆದರು.

ಮೂನ್‌ರೈಸ್, ಹರ್ನಾಂಡೆಜ್, ನ್ಯೂ ಮೆಕ್ಸಿಕೋ ಎಂಬ ಈ ಫೋಟೋ ಜಗತ್ತಿನ ಅತಿ ಪ್ರಸಿದ್ಧ ಫೋಟೋಗಳಲ್ಲಿ ಒಂದು. ಆದರೆ ಅದರ ನೇರ ಪ್ರಿಂಟ್, ಅಂದ್ರೆ ಏನೂ ಮಾಡದೆ ಹಾಗೇ ತೆಗೆದ ಪ್ರಿಂಟ್ ನೋಡಿದ್ರೆ ನಂಬೋಕಾಗಲ್ಲ. ಆಕಾಶ ಮಾಮೂಲಿ ಬೂದು, ತುಂಬ ಮೋಡದ ಗೆರೆಗಳು, ಕೆಳಗಿನ ಊರು ಮಂಕು. ನಾವು ನೋಡಿರೋ ಆ ಕಡುಗಪ್ಪು ಆಕಾಶ ಹುಟ್ಟಿದ್ದು ಕತ್ತಲಕೋಣೆಯಲ್ಲಿ.

ಕಡ್ಡಿ, ಬಿಲ್ಲೆ, ಕೈ

ಕತ್ತಲಕೋಣೆಯಲ್ಲಿ ಎನ್‌ಲಾರ್ಜರ್ ಎಂಬ ಯಂತ್ರ ನೆಗೆಟಿವ್ ಮೂಲಕ ಬೆಳಕನ್ನು ಹಾಯಿಸಿ ಕೆಳಗಿರೋ ಕಾಗದದ ಮೇಲೆ ಬೀಳಿಸುತ್ತೆ. ಕಾಗದಕ್ಕೆ ಬೆಳಕು ಬಿದ್ದಷ್ಟೂ ಅದು ಕಪ್ಪಾಗುತ್ತೆ. ಯಾವುದೋ ಭಾಗ ಬೆಳ್ಳಗೆ ಇರಬೇಕಂದ್ರೆ ಆ ಭಾಗಕ್ಕೆ ಸ್ವಲ್ಪ ಹೊತ್ತು ಬೆಳಕು ಬೀಳದ ಹಾಗೆ ತಡೀಬೇಕು. ಅದಕ್ಕೆ ತೆಳು ತಂತಿಗೆ ಅಂಟಿಸಿದ ರಟ್ಟಿನ ಬಿಲ್ಲೆ. ಅದೇ ಡಾಡ್ಜ್, ಅದೇ ನಮ್ಮ ಲಾಲಿಪಾಪ್. ಯಾವುದೋ ಭಾಗ ಇನ್ನೂ ಕಪ್ಪಾಗಬೇಕಂದ್ರೆ ಉಳಿದದ್ದನ್ನೆಲ್ಲ ಮುಚ್ಚಿ ಅಷ್ಟಕ್ಕೆ ಮಾತ್ರ ಹೆಚ್ಚು ಬೆಳಕು ಬಿಡಬೇಕು. ಅದಕ್ಕೆ ತೂತಿರೋ ರಟ್ಟು ಅಥವಾ ಮಡಚಿದ ಕೈ. ಅದೇ ಬರ್ನ್. ಬಿಲ್ಲೆಯನ್ನೋ ಕೈಯನ್ನೋ ಒಂದೇ ಕಡೆ ಹಿಡಿದ್ರೆ ಅಂಚು ಕಾಣುತ್ತೆ, ಅದಕ್ಕೆ ಅಲುಗಾಡಿಸ್ತಾನೇ ಇರಬೇಕು. ನಾವು ಬ್ರಶ್‌ನ ಅಂಚನ್ನು ಮೃದು ಮಾಡ್ತೀವಲ್ಲ, ಅದೇ ಕೆಲಸ.

ಆಡಮ್ಸ್ ನೆಗೆಟಿವ್ ಅನ್ನು ಸಂಗೀತದ ನೊಟೇಶನ್‌ಗೂ ಪ್ರಿಂಟ್ ಅನ್ನು ಕಛೇರಿಗೂ ಹೋಲಿಸ್ತಿದ್ದರು. ಒಂದೇ ಭಾವಗೀತೆಯನ್ನು ಒಬ್ಬರೇ ಗಾಯಕರು ಇಪ್ಪತ್ತರಲ್ಲಿ ಒಂಥರಾ, ಅರವತ್ತರಲ್ಲಿ ಇನ್ನೊಂಥರಾ ಹಾಡೋ ಹಾಗೆ, ಮೂನ್‌ರೈಸ್‌ನ ಪ್ರಿಂಟ್‌ಗಳೂ ದಶಕದಿಂದ ದಶಕಕ್ಕೆ ಬದಲಾದವು. ಶುರುವಿನ ಪ್ರಿಂಟ್‌ಗಳಲ್ಲಿ ಆಕಾಶದಲ್ಲಿ ಮೋಡ ಕಾಣುತ್ತೆ. ಕೊನೆಯ ವರ್ಷಗಳಲ್ಲಿ ಆಕಾಶ ಹೆಚ್ಚು ಕಡಿಮೆ ಪೂರ್ತಿ ಕಪ್ಪು.

ಇದೇ ಕೆಲಸವನ್ನು ಇವತ್ತು ಲೇಯರ್‌ನಲ್ಲಿ ಮಾಡೋದು ಹೇಗೆ? ಫೋಟೋದ ಮೇಲೆ ಹೊಸ ಲೇಯರ್ ಹಾಕಿ. ಅದನ್ನು 50% ಬೂದು ಬಣ್ಣದಿಂದ ತುಂಬಿ. ಬ್ಲೆಂಡ್ ಮೋಡ್ ಅನ್ನು ಓವರ್‌ಲೇ ಮಾಡಿ. ಬೂದು ಮಾಯ ಆಗುತ್ತೆ! ಇದು ಜಾದೂ ಅಲ್ಲ, ಗಣಿತ. ಕಪ್ಪು 0, ಬಿಳಿ 1 ಅಂದುಕೊಳ್ಳಿ. ಕೆಳಗಿನ ಪಿಕ್ಸೆಲ್ 0.5ಕ್ಕಿಂತ ಕಡಿಮೆ ಇದ್ರೆ ಫಲಿತಾಂಶ 2 × ಕೆಳಗಿನದು × ಮೇಲಿನದು. ಹೆಚ್ಚಿದ್ರೆ 1 − 2 × (1 − ಕೆಳಗಿನದು) × (1 − ಮೇಲಿನದು). ಮೇಲಿನದರ ಜಾಗದಲ್ಲಿ 0.5 ಹಾಕಿ ನೋಡಿ. ಎರಡು ಸೂತ್ರದಲ್ಲೂ ಕೆಳಗಿನದೇ ವಾಪಸ್ ಬರುತ್ತೆ. ಅಂದ್ರೆ ಬೂದು ಇದ್ದ ಕಡೆ ಏನೂ ಬದಲಾಗಲ್ಲ.

ಈಗ ಆ ಬೂದು ಲೇಯರ್ ಮೇಲೆ ತುಂಬ ಕಡಿಮೆ ಒಪಾಸಿಟಿಯ ಮೃದು ಬ್ರಶ್‌ನಿಂದ ಬಿಳಿ ಬಳಿದ್ರೆ ಡಾಡ್ಜ್, ಕಪ್ಪು ಬಳಿದ್ರೆ ಬರ್ನ್. ಕೆಳಗಿನದು 0.3 ಇದ್ದು, ಮೇಲಿನದು 0.5ರಿಂದ 0.6 ಆದ್ರೆ ಫಲಿತಾಂಶ 0.36. ಅದೇ 0.4 ಆದ್ರೆ 0.24. ಸ್ವಲ್ಪ ಸ್ವಲ್ಪವೇ ಬಳೀತಾ ಹೋಗಬೇಕು. ಒಂದೇ ಸಲ ಪೂರ್ತಿ ಕಪ್ಪು ಬಳಿದ್ರೆ 0.5ಕ್ಕಿಂತ ಕೆಳಗಿರೋದೆಲ್ಲ ನೇರ 0ಗೆ ಹೋಗುತ್ತೆ. ಬಣ್ಣದ ಫೋಟೋದಲ್ಲಿ ಓವರ್‌ಲೇ ಬಣ್ಣವನ್ನೂ ಗಾಢ ಮಾಡಬಹುದು. ಹಾಗಾದ್ರೆ ಸಾಫ್ಟ್ ಲೈಟ್ ಮೋಡ್‌ಗೆ ಬದಲಿಸಿ, ಪರಿಣಾಮ ಮೆತ್ತಗಾಗುತ್ತೆ. ಅದರಲ್ಲೂ 50% ಬೂದು ಅಂದ್ರೆ ಬದಲಾವಣೆ ಇಲ್ಲ ಅಂತಾನೇ ಅರ್ಥ. ಸೂತ್ರದಲ್ಲಿ ಇನ್ನೊಂದು ವಿಷಯ ಇದೆ. ಕೆಳಗಿನದು 0 ಆಗಿದ್ರೆ, ಮೇಲೆ ಏನೇ ಬಳಿದ್ರೂ ಫಲಿತಾಂಶ 0. 1 ಆಗಿದ್ರೆ 1. ಇಲ್ಲದ ಮಾಹಿತಿಯನ್ನು ಆಮೇಲೆ ತರೋಕಾಗಲ್ಲ ಅಂತ ಜೋನ್ ಸಿಸ್ಟಮ್ ಹೇಳಿದ್ದೂ ಇದನ್ನೇ.

ನಮಗಿರೋ ದೊಡ್ಡ ಅನುಕೂಲ ಅಂದ್ರೆ ಕೆಳಗಿನ ಫೋಟೋ ಹಾಗೇ ಇರುತ್ತೆ. ಇಷ್ಟ ಆಗಲಿಲ್ಲ ಅಂದ್ರೆ ಲೇಯರ್ ಅಳಿಸಿ. ಆಡಮ್ಸ್‌ಗೆ ಆ ಸೌಲಭ್ಯ ಅರ್ಧ ಮಾತ್ರ ಇತ್ತು. ಪ್ರಿಂಟ್ ಕೆಟ್ಟರೆ ಎಸೆದು ಇನ್ನೊಂದು ಮಾಡಬಹುದು, ಆದರೆ ಪ್ರತಿ ಪ್ರಿಂಟ್‌ಗೂ ಆ ಕೈಚಳಕವನ್ನೆಲ್ಲ ಮೊದಲಿಂದ ಮಾಡಬೇಕು. ಮೂನ್‌ರೈಸ್ ಒಂದರದ್ದೇ ಸಾವಿರಕ್ಕೂ ಹೆಚ್ಚು ಪ್ರಿಂಟ್ ಮಾಡಿದರು, ಒಂದೊಂದನ್ನೂ ಕೈಯಾರೆ. 1948ರಲ್ಲಿ ಇನ್ನೂ ಧೈರ್ಯದ ಕೆಲಸ ಮಾಡಿದರು. ನೆಗೆಟಿವ್‌ನ ಕೆಳಭಾಗ ತೀರಾ ತೆಳುವಾಗಿತ್ತು. ಇದ್ದ ಒಂದೇ ಒಂದು ನೆಗೆಟಿವ್‌ನ ಆ ಭಾಗವನ್ನು ರಾಸಾಯನಿಕದಲ್ಲಿ ಅದ್ದಿ ಅದ್ದಿ ಗಟ್ಟಿ ಮಾಡಿದರು. ಅದಕ್ಕೆ ಅನ್‌ಡೂ ಇಲ್ಲ. ಒಂದು ತಪ್ಪಾಗಿದ್ರೆ ಮೂನ್‌ರೈಸ್ ಅಲ್ಲಿಗೇ ಮುಗೀತಿತ್ತು.

ಬೇಲಿ ಮತ್ತು ಎರಡು ಅಕ್ಷರ

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ 1,10,000ಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ನಾಗರಿಕರೇ. ಸಿಯೆರಾ ಬೆಟ್ಟಗಳ ಬುಡದಲ್ಲಿದ್ದ ಮಂಜನಾರ್ ಶಿಬಿರಕ್ಕೆ ಆಡಮ್ಸ್ 1943ರಿಂದ ಹೋಗಿ ಫೋಟೋ ತೆಗೆದರು. 1944ರಲ್ಲಿ ಬಾರ್ನ್ ಫ್ರೀ ಅಂಡ್ ಈಕ್ವಲ್ ಎಂಬ ಪುಸ್ತಕ ಮಾಡಿದರು. ಯುದ್ಧ ನಡೀತಿರೋವಾಗ ಶತ್ರುಗಳು ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಜನರ ಮುಖಗಳನ್ನು ಹತ್ತಿರದಿಂದ, ಘನತೆಯಿಂದ ತೋರಿಸೋದು ಸಣ್ಣ ಮಾತಲ್ಲ. ಅದಕ್ಕೆ ವಿರೋಧವೂ ಬಂತು.

ಆದರೆ ಇನ್ನೊಂದು ಟೀಕೆಯೂ ಇದೆ. ಕಾವಲು ಗೋಪುರ, ಮುಳ್ಳುತಂತಿ, ಕಾವಲುಗಾರರನ್ನು ತೆಗೆಯೋಕೆ ಅನುಮತಿ ಇರಲಿಲ್ಲ. ಹಾಗಾಗಿ ಆ ಚಿತ್ರಗಳಲ್ಲಿ ನಗೋ ಮುಖಗಳು, ಶಾಲೆ, ತೋಟ, ಆಟ ಕಾಣುತ್ತೆ, ಬಂಧನ ಕಾಣೋದು ಕಡಿಮೆ. ಇದರಲ್ಲಿ ಡಾಡ್ಜ್, ಬರ್ನ್ ಪಾತ್ರ ಏನೂ ಇಲ್ಲ. ಫ್ರೇಮ್‌ನಿಂದ ಹೊರಗೆ ಏನು ಉಳಿಯಿತು ಅನ್ನೋದೇ ಪ್ರಶ್ನೆ. ಎಡಿಟ್ ಮಾಡದ ಫೋಟೋ ಕೂಡ ಅರ್ಧ ಮಾತ್ರ ಹೇಳಬಹುದು.

ಅದೇ ಓಡಾಟದ ಕಾಲದಲ್ಲಿ, 1944ರಲ್ಲಿ, ಹತ್ತಿರದ ಲೋನ್ ಪೈನ್ ಊರಿನಿಂದ ಚಳಿಗಾಲದ ಸೂರ್ಯೋದಯದ ಒಂದು ಫೋಟೋ ತೆಗೆದರು. ಹಿಂದೆ ಹೊಳೆಯೋ ಹಿಮಶಿಖರಗಳು, ಮಧ್ಯದಲ್ಲಿ ಕಪ್ಪು ಗುಡ್ಡ, ಮುಂದೆ ಬಿಸಿಲಿನಲ್ಲಿ ಮೇಯೋ ಕುದುರೆ. ಆ ಕಪ್ಪು ಗುಡ್ಡದ ಮೇಲೆ ಊರಿನ ಹೈಸ್ಕೂಲ್ ಹುಡುಗರು ಊರ ಹೆಸರಿನ ಮೊದಲ ಅಕ್ಷರಗಳಾದ ಎಲ್ ಮತ್ತು ಪಿ ಅನ್ನು ಬಿಳಿ ಕಲ್ಲುಗಳಲ್ಲಿ ದೊಡ್ಡದಾಗಿ ಬರೆದಿದ್ದರು. ಆಡಮ್ಸ್ ಅದನ್ನು ನೆಗೆಟಿವ್‌ನಲ್ಲೇ ಅಳಿಸಿದರು, ಪ್ರಿಂಟ್‌ನಲ್ಲೂ ಆ ಭಾಗವನ್ನು ಕಪ್ಪು ಮಾಡಿದರು. ಅದನ್ನು ಮುಚ್ಚಿಡಲಿಲ್ಲ, ಪುಸ್ತಕದಲ್ಲಿ ತಾವೇ ಬರೆದರು. ಕೆಲವರು ಬೈದಿದ್ದಾರೆ ಅಂತಲೂ ಹೇಳಿಕೊಂಡರು. ಡಾಡ್ಜ್, ಬರ್ನ್ ಮಾಡೋದು ಇದ್ದ ಬೆಳಕಿನ ಪ್ರಮಾಣ ಬದಲಿಸೋದು. ಅಕ್ಷರ ಅಳಿಸೋದು ಇದ್ದದ್ದನ್ನೇ ತೆಗೆಯೋದು. ನನ್ನ ಮಟ್ಟಿಗೆ ಇವೆರಡೂ ಒಂದೇ ಅಲ್ಲ. ಆದರೆ ಮಾಡಿದ್ದನ್ನು ಬಿಚ್ಚಿ ಹೇಳಿದ್ದಕ್ಕೇ ನಾವು ಇವತ್ತು ಈ ಚರ್ಚೆ ಮಾಡೋಕೆ ಆಗ್ತಿರೋದು.

ಉಳಿಸಿ ಹೋದದ್ದು

ಈ ಫೋಟೋಗಳು ಗೋಡೆಯ ಮೇಲೆ ನೇತಾಡೋಕೆ ಮಾತ್ರ ಇರಲಿಲ್ಲ. ಆಡಮ್ಸ್ 1934ರಿಂದ 1971ರವರೆಗೆ ಸಿಯೆರಾ ಕ್ಲಬ್‌ನ ನಿರ್ದೇಶಕ ಮಂಡಳಿಯಲ್ಲಿದ್ದರು. 1936ರಲ್ಲಿ ತಮ್ಮ ಫೋಟೋಗಳನ್ನು ಹಿಡಿದು ವಾಷಿಂಗ್ಟನ್‌ಗೆ ಹೋಗಿ ಕಿಂಗ್ಸ್ ಕಣಿವೆಯನ್ನು ರಾಷ್ಟ್ರೀಯ ಉದ್ಯಾನ ಮಾಡಿ ಅಂತ ಜನಪ್ರತಿನಿಧಿಗಳನ್ನು ಕೇಳಿದರು. 1938ರಲ್ಲಿ ಆ ಬೆಟ್ಟಗಳ ಮೇಲೆ ಒಂದು ಪುಸ್ತಕ ತಂದರು. 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ಆಯ್ತು. ಒಂದು ಕಣಿವೆ ಉಳಿಯೋದರಲ್ಲಿ ಕತ್ತಲಕೋಣೆಯ ಕೆಲಸಕ್ಕೂ ಪಾಲಿತ್ತು.

ಕಲಿತದ್ದನ್ನು ಅವರು ಗುಟ್ಟು ಮಾಡಲಿಲ್ಲ. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಲಾಶಾಲೆಯೊಂದರಲ್ಲಿ ಫೋಟೋಗ್ರಫಿ ವಿಭಾಗ ಶುರು ಮಾಡಿದರು. ಕೊನೆಯ ವರ್ಷಗಳಲ್ಲಿ ದ ಕ್ಯಾಮೆರಾ, ದ ನೆಗೆಟಿವ್, ದ ಪ್ರಿಂಟ್ ಎಂಬ ಮೂರು ಪುಸ್ತಕಗಳನ್ನು ಹೊಸದಾಗಿ ತಿದ್ದಿ ಬರೆದರು. ಎಲ್ಲಿ ತಡೆದೆ, ಎಲ್ಲಿ ಹೆಚ್ಚು ಬೆಳಕು ಕೊಟ್ಟೆ ಅನ್ನೋದನ್ನೆಲ್ಲ ಲ್ಯಾಬ್ ರೆಕಾರ್ಡ್ ಥರ ವಿವರವಾಗಿ ಬರೆದಿದ್ದಾರೆ. 1980ರಲ್ಲಿ ಅಮೆರಿಕದ ಅಧ್ಯಕ್ಷರು ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್ ಕೊಟ್ಟರು. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಅವರ ಸ್ನೇಕ್ ನದಿಯ ಫೋಟೋ ಇದೆ. ಅದು ಈಗ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿದೆ.

1984ರ ಏಪ್ರಿಲ್ 22ರಂದು, 82ನೇ ವಯಸ್ಸಿನಲ್ಲಿ ಆಡಮ್ಸ್ ತೀರಿಕೊಂಡರು. ಮುಂದಿನ ವರ್ಷ ಯೊಸೆಮಿಟಿ ಉದ್ಯಾನದ ಒಂದು ಶಿಖರಕ್ಕೆ ಅವರ ಹೆಸರಿಟ್ಟರು. ಅವರ ನೆಗೆಟಿವ್‌ಗಳು ಅರಿಜೋನಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಮುಂದೆ ಎಲೆಕ್ಟ್ರಾನಿಕ್ ಚಿತ್ರಗಳ ಕಾಲ ಬರುತ್ತೆ ಅಂತ ಅವರು ಕೊನೆಯ ವರ್ಷಗಳಲ್ಲಿ ಕುತೂಹಲದಿಂದ ಕಾಯ್ತಿದ್ದರು. 1990ರಲ್ಲಿ ಫೋಟೋಶಾಪ್ ಬಂತು. ಅದನ್ನು ಬರೆದ ಥಾಮಸ್ ಮತ್ತು ಜಾನ್ ನೋಲ್ ಸಹೋದರರ ತಂದೆಗೆ ಫೋಟೋಗ್ರಫಿ ಹವ್ಯಾಸ, ಮನೆಯಲ್ಲೇ ಕತ್ತಲಕೋಣೆ ಇತ್ತು. ಕಡ್ಡಿಯ ತುದಿಯ ಬಿಲ್ಲೆ ಮತ್ತು ಮಡಚಿದ ಕೈ ಕತ್ತಲಕೋಣೆಯಿಂದ ಸ್ಕ್ರೀನ್‌ಗೆ ಬಂದವು. 1994ರಲ್ಲಿ ಲೇಯರ್‌ಗಳೂ ಬಂದವು.

ಮುಂದಿನ ಫೆಸ್ಟ್‌ನ ಫೋಟೋ ಕೈಗೆ ಬಂದಾಗ ರೆಡಿ ಫಿಲ್ಟರ್ ಒತ್ತೋ ಮೊದಲು ಒಂದು ಬೂದು ಲೇಯರ್ ಹಾಕಿ ನೋಡಿ. ನೋಡೋರ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು, ಯಾವುದು ಹಿಂದೆ ಸರೀಬೇಕು ಅಂತ ಮೊದಲೇ ಯೋಚಿಸಿ. ಬ್ರಶ್ ಆಮೇಲೆ ತಗೊಳ್ಳಿ.